ಕಾಯಕವೇ ಹೆಸರಾದ ಶರಣೆಯರು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸ್ತ್ರೀಗೆ ದೊರೆತ ಸ್ಥಾನವನ್ನು ಕುರಿತು ಚಿಂತಿಸುವಾಗ ನಮ್ಮ ದೃಷ್ಟಿ ಸಹಜವಾಗಿಯೇ ಅಕ್ಕಮಹಾದೇವಿಯ ವೈರಾಗ್ಯದ ಕಡೆಗೆ ಹರಿಯುತ್ತದೆ. ಅದು ಯುಕ್ತವೇ ಸರಿ. ಆದರೆ ಸಂಸಾರದಲ್ಲಿದ್ದು, ದುಡಿದು ಉಂಡು, ಆ ದುಡಿಮೆಯ ಬಲದಿಂದಲೇ ಮಾತನಾಡಿದ ಶರಣೆಯರ ಸಾಧನೆಯೂ ಅಷ್ಟೇ ವಿಚಾರಾರ್ಹವಾದುದು. ಸಮಾನತೆಯ ಪ್ರಶ್ನೆ ನಿತ್ಯಜೀವನದಲ್ಲಿ ಎದುರಾಗುವುದು ಅವರು ನಿಂತ ನೆಲೆಯಲ್ಲಿಯೇ.

ಈ ಶರಣೆಯರ ಹೆಸರುಗಳೇ ಒಂದು ಚರಿತ್ರೆಯನ್ನು ಹೇಳುತ್ತವೆ. ಕದಿರ ರೆಮ್ಮವ್ವೆ ನೂಲು ತೆಗೆಯುವವಳು. ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುವವಳು. ಆಯ್ದಕ್ಕಿ ಲಕ್ಕಮ್ಮನ ಮನೆಯ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುವುದು. ಲೋಕವು ಹೀನವೆಂದ ವೃತ್ತಿಯ ಹೆಸರನ್ನು ಹೊತ್ತ ಸೂಳೆ ಸಂಕವ್ವೆಯೂ ಈ ವಚನಕಾರ್ತಿಯರ ಸಾಲಿನಲ್ಲಿ ನಿಲ್ಲುತ್ತಾಳೆ. ಸ್ತ್ರೀಯನ್ನು ಇಂಥವನ ಮಗಳು, ಇಂಥವನ ಮಡದಿ ಎಂದೇ ಗುರುತಿಸುವ ವಾಡಿಕೆಯ ನಡುವೆ, ಅವಳ ದುಡಿಮೆಯೇ ಅವಳ ಗುರುತಾದುದು ಸಾಮಾನ್ಯ ಸಂಗತಿಯಲ್ಲ. ರೆಮ್ಮವ್ವೆಯು ತನ್ನ ರಾಟೆಯ ಅಂಗಾಂಗಗಳಲ್ಲಿ ತ್ರಿಮೂರ್ತಿಗಳನ್ನು ಕಂಡಳು. ‘ಕದಿರರೆಮ್ಮಿಯೊಡೆಯ ಗುಮ್ಮೇಶ್ವರ’ ಎಂಬ ಅಂಕಿತದಲ್ಲಿ ತನ್ನ ಕಾಯಕವನ್ನೂ ಹೆಸರನ್ನೂ ದೈವದೊಡನೆ ಜೋಡಿಸಿದಳು.

ಲಕ್ಕಮ್ಮನ ಪ್ರಸಂಗ ಇನ್ನೂ ಆಳವಾದುದು. ಅವಳ ಅಂಕಿತದಲ್ಲಿರುವುದು ಪತಿಯ ಹೆಸರು: ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಆದರೂ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಅವಳೇ. ಕಾಯಕವನ್ನು ಮರೆತ ಪತಿಯನ್ನು ಎಚ್ಚರಿಸಿದವಳೂ ಅವಳೇ. ಇಲ್ಲಿ ಸತಿಯು ಪತಿಯ ಆಜ್ಞಾಧಾರಕಳಲ್ಲ, ಕಾಯಕದ ಧರ್ಮಾಧರ್ಮಗಳನ್ನು ನಿರ್ಣಯಿಸುವ ಅಧಿಕಾರವುಳ್ಳವಳು. ಶೂನ್ಯಸಂಪಾದನೆಯು ಈ ದಂಪತಿಗಳ ಸಂವಾದಕ್ಕೆ ಸ್ಥಾನ ಕೊಟ್ಟಿರುವುದು ಅದರ ಮಹತ್ತ್ವಕ್ಕೆ ಸಾಕ್ಷಿ.

ಈ ಬೆಳಕು ಮುಂದಿನ ಶತಮಾನಗಳಲ್ಲಿ ಒಂದೇ ಸಮನಾಗಿ ಉಳಿಯಲಿಲ್ಲವೆಂಬುದನ್ನೂ ಒಪ್ಪಬೇಕು. ಶರಣೆಯರನ್ನು ಪೂಜಿಸಿದ ಸಮಾಜವೇ ಹೊಲದಲ್ಲಿ ಕಳೆ ಕಿತ್ತ ಹೆಣ್ಣಿಗೆ ಗಂಡಾಳಿಗಿಂತ ಕಡಿಮೆ ಕೂಲಿಯನ್ನು ಅಳೆಯಿತು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವವು ಭಾರತ ಸಂವಿಧಾನದ 39ನೆಯ ಅನುಚ್ಛೇದದಲ್ಲಿ ಸೇರಿತು. ಅಂತಾರಾಷ್ಟ್ರೀಯ ಮಹಿಳಾ ವರ್ಷವಾದ 1975ರಲ್ಲಿ ಸುಗ್ರೀವಾಜ್ಞೆಯಾಗಿ, 1976ರಲ್ಲಿ ಕಾಯಿದೆಯಾಗಿ ರೂಪುಗೊಂಡಿತು. ಮುಂದೆ 2019ರ ವೇತನ ಸಂಹಿತೆಯಲ್ಲಿ ಅಡಕವಾಯಿತು. ಊರಿನ ಆಡಳಿತದಲ್ಲಿಯೂ ಕರ್ನಾಟಕವು 1983ರ ಕಾಯಿದೆಯ ಮೂಲಕ ಸ್ತ್ರೀಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿ ದೇಶಕ್ಕೆಲ್ಲ ಮೂರನೆಯ ಒಂದು ಭಾಗವನ್ನು ವಿಧಿಸಿದುದು ಅದರ ಅನಂತರ.

ಇವು ಹರ್ಷಪಡಬೇಕಾದ ಹೆಜ್ಜೆಗಳು. ಆದರೆ ಕಾಯಿದೆಯು ಕೂಲಿಯನ್ನು ಸಮಗೊಳಿಸಬಹುದು. ಆ ದುಡಿಮೆಯನ್ನು ಕುರಿತು ನುಡಿಯುವ ಅವಳ ಅಧಿಕಾರವನ್ನು ಮನ್ನಿಸಬೇಕಾದುದು ಸಮಾಜ. ಲಕ್ಕಮ್ಮನ ಮಾತಿಗೆ ಮಾರಯ್ಯನು ತಲೆಬಾಗಿ ಅಕ್ಕಿಯನ್ನು ಹಿಂದಿರುಗಿಸಿದನು. ಅವಳ ವಚನಗಳನ್ನು ಓದುವ ನಮ್ಮ ಮನೆಗಳಲ್ಲಿ ಹೆಣ್ಣಿನ ಮಾತಿಗೆ ಆ ಮನ್ನಣೆ ದೊರೆಯುವುದೇ ಅವಳಿಗೆ ಸಲ್ಲುವ ನಿಜವಾದ ಗೌರವ.