ಅಚ್ಚಾಗದ ಜನಮತ

ಚುನಾವಣಾ ಸಮೀಕ್ಷೆಗಳ ಚರಿತ್ರೆಯಲ್ಲಿ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಪ್ರಸ್ತಾಪ ಬಾರದಿರುವುದಿಲ್ಲ. 'ಲಿಟರರಿ ಡೈಜೆಸ್ಟ್' ವಾರಪತ್ರಿಕೆಯು ಸುಮಾರು ಒಂದು ಕೋಟಿ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿ, ಮರಳಿಬಂದ 20 ಲಕ್ಷಕ್ಕೂ ಮಿಕ್ಕ ಉತ್ತರಗಳನ್ನು ಎಣಿಸಿ, ಲ್ಯಾಂಡನ್ ಗೆಲ್ಲುವರೆಂದು ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಪತ್ರಿಕೆ ನಗೆಪಾಟಲಿಗೀಡಾಯಿತು. ಅಚ್ಚಾಗಿದ್ದ ಕಾರಣಕ್ಕೇ ಆ ತಪ್ಪು ಜಗಜ್ಜಾಹೀರಾಯಿತು. ಅದಕ್ಕೆ ಒಂದು ವರ್ಷ ಮೊದಲು ನಡೆದ ಇನ್ನೊಂದು ಸಮೀಕ್ಷೆ ಮಾತ್ರ ಆಗ ಅಚ್ಚಾಗಲೇ ಇಲ್ಲ.

ಅದರ ಹಿಂದಿದ್ದವರು ಎಮಿಲ್ ಹುರ್ಯಾ. ಫಿನ್ಲೆಂಡಿನಿಂದ ವಲಸೆ ಬಂದವರ ಮಗ. ಮಿಷಿಗನ್ನಿನ ಕಬ್ಬಿಣದ ಗಣಿಯೂರಾದ ಕ್ರಿಸ್ಟಲ್ ಫಾಲ್ಸ್‌ನಲ್ಲಿ ಹುಟ್ಟಿದವರು. ಗುಡ್ಡವನ್ನೆಲ್ಲ ಅಗೆಯದೆ ಅಲ್ಲಲ್ಲಿ ಮಾದರಿ ತೆಗೆದು ಅದಿರಿನ ಸತ್ತ್ವವನ್ನು ಅಳೆಯುವ ಗಣಿಗಾರರ ವಿಧಾನವನ್ನೇ ಅವರು ಮತದಾರರಿಗೂ ಅನ್ವಯಿಸಿದರು. 1932ರಿಂದ ಡೆಮಾಕ್ರಟಿಕ್ ಪಕ್ಷಕ್ಕಾಗಿ ದುಡಿದ ಹುರ್ಯಾರಿಗೆ ಡೈಜೆಸ್ಟ್‌ನ ಅಂಕಿಗಳು ತ್ಯಾಜ್ಯವಾಗಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಹಿಂದಿನ ಬಾರಿ ಯಾರಿಗೆ ಮತ ನೀಡಿದಿರೆಂದೂ ಆ ಪತ್ರಿಕೆ ಕೇಳುತ್ತಿತ್ತು. ಆ ಉತ್ತರಗಳನ್ನು ಹಿಂದಿನ ನಿಜ ಫಲಿತಾಂಶದೊಡನೆ ಹೋಲಿಸಿ, ಮಾದರಿಯಲ್ಲಿ ಅತಿಯಾಗಿ ಸೇರಿದ್ದ ರಿಪಬ್ಲಿಕನ್ನರ ತೂಕವನ್ನು ಅವರು ತಗ್ಗಿಸುತ್ತಿದ್ದರು. ಯಾರು ಗೆಲ್ಲುವರೆಂದು ತಿಳಿದರೆ ಓದುಗನ ಕುತೂಹಲ ತಣಿಯುತ್ತದೆ. ಪಕ್ಷಕ್ಕಾದರೋ ಯಾವ ರಾಜ್ಯ ಕೈಜಾರುತ್ತಿದೆ, ಹಣವನ್ನೂ ಭಾಷಣಕಾರರನ್ನೂ ಎಲ್ಲಿಗೆ ಕಳುಹಿಸಬೇಕು ಎಂಬುದು ತಿಳಿಯಬೇಕು.

1935ರಲ್ಲಿ ಪಕ್ಷದ ಚಿಂತೆ ಲೂಯಿಸಿಯಾನದ ಸೆನೆಟರ್ ಹ್ಯೂಯಿ ಲಾಂಗ್ ಅವರದಾಗಿತ್ತು. ಸಂಪತ್ತನ್ನು ಹಂಚಬೇಕೆಂಬ ಅವರ ಕೂಗಿಗೆ ಜನ ಓಗೊಡುತ್ತಿದ್ದರು. ಅವರು ಮೂರನೆಯ ಪಕ್ಷ ಕಟ್ಟಿದರೆ ಗತಿಯೇನು? ಹುರ್ಯಾ ದೇಶದುದ್ದಕ್ಕೂ ಮಾದರಿ ಮತಪತ್ರಗಳನ್ನು ಕಳುಹಿಸಿದರು. ಅವುಗಳ ಮೇಲೆ ಪಕ್ಷದ ಹೆಸರಿರಲಿಲ್ಲ. 'ನ್ಯಾಷನಲ್ ಇಂಕ್ವೈರರ್' ಎಂಬ ಪತ್ರಿಕೆಯ ಹೆಸರಿತ್ತು. ಅಂಥ ಪತ್ರಿಕೆಯೇ ಇರಲಿಲ್ಲ. ಕೇಳುವವರು ಯಾರೆಂದು ತಿಳಿದರೆ ಉತ್ತರ ಬದಲಾದೀತೆಂಬ ಎಚ್ಚರ ಇದಕ್ಕೆ ಕಾರಣವೆನ್ನಬಹುದು. ಆದರೂ ಉತ್ತರಿಸಿದವರಿಗಾದದ್ದು ವಂಚನೆಯೇ.

ಫಲಿತಾಂಶ ಪಕ್ಷವನ್ನು ಬೆಚ್ಚಿಬೀಳಿಸಿತು. ಲಾಂಗ್ 30ರಿಂದ 40 ಲಕ್ಷ ಮತ ಸೆಳೆಯಬಲ್ಲವರಾಗಿದ್ದರು. ಅದೂ ದಕ್ಷಿಣದಲ್ಲಷ್ಟೇ ಅಲ್ಲ. ನ್ಯೂಯಾರ್ಕ್ ರಾಜ್ಯವೊಂದರಲ್ಲೇ ಸುಮಾರು ಒಂದು ಲಕ್ಷ ಮತಗಳು ಅವರ ಪಾಲಾಗುವ ಸೂಚನೆಯಿತ್ತು. ಲಾಂಗ್ ಬೆಂಬಲಿಗರಿಗೆ ಈ ಅಂಕಿಗಳು ಸಿಕ್ಕಿದ್ದರೆ ಅವರ ಚಳವಳಿಗೆ ಅದಕ್ಕಿಂತ ದೊಡ್ಡ ಪ್ರಚಾರ ಬೇಕಿರಲಿಲ್ಲ. ಅವು ಪಕ್ಷದ ಅಧ್ಯಕ್ಷ ಜೇಮ್ಸ್ ಫಾರ್ಲಿ ಮತ್ತು ಶ್ವೇತಭವನದ ಕೆಲವರಲ್ಲೇ ಉಳಿದವು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಾಂಗ್ ಗುಂಡೇಟಿಗೆ ಬಲಿಯಾದರು. 1938ರಲ್ಲಿ ಪ್ರಕಟವಾದ ಫಾರ್ಲಿಯವರ ಆತ್ಮಕಥನದಲ್ಲಿ ಈ ಸಮೀಕ್ಷೆಯ ಸಂಗತಿ ಹೊರಬಂದಿತು. ಡೈಜೆಸ್ಟ್ ಪತ್ರಿಕೆ ನಿಂತುಹೋದದ್ದೂ ಅದೇ ವರ್ಷ.