ಮುಚ್ಚಿದ ಕೈ, ತೆರೆದ ಮುಖ

ಎದುರಾಳಿಯ ಕೈಯಲ್ಲಿರುವ ಎಲೆಯನ್ನು ಅವನ ಮುಖದಲ್ಲಿ, ಉಸಿರಿನಲ್ಲಿ, ಬೆರಳಿನ ಅಲುಗಾಟದಲ್ಲಿ ಓದುವ ವಿದ್ಯೆಯನ್ನು ಇಂದು ಜಗತ್ತು ಪೋಕರ್ ಎಂಬ ಇಸ್ಪೀಟಾಟದ ಹೆಸರಿನೊಂದಿಗೆ ಗುರುತಿಸುತ್ತದೆ. 1984ರಲ್ಲಿ ಅಮೆರಿಕದ ಮೈಕ್ ಕ್ಯಾರೊ ಈ ದೇಹಸೂಚನೆಗಳನ್ನೇ ವಿಷಯವಾಗಿಸಿಕೊಂಡು ಪುಸ್ತಕವೊಂದನ್ನು ಹೊರತಂದ ಮೇಲೆ ಅದು ಶಾಸ್ತ್ರವೆಂಬ ಮಾನ್ಯತೆಯನ್ನೂ ಪಡೆಯಿತು. ಆದರೆ ಹಣ ಪಣಕ್ಕಿರುವಲ್ಲಿ ಎದುರಿನವನ ಮೈಯನ್ನು ಓದುವುದು, ಓದಿಸಿಕೊಳ್ಳದಂತೆ ತನ್ನ ಮೈಯನ್ನು ಮುಚ್ಚಿಕೊಳ್ಳುವುದು, ಇವೆರಡೂ ಪೋಕರಿಗಿಂತ ಬಹಳ ಹಳೆಯವು. ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮಟ್ಟಿಗೆ ಈ ವಿದ್ಯೆಯ ಇತಿಹಾಸ ಅರಮನೆಯ ಒಡ್ಡೋಲಗದಿಂದ ಹೊರಟು, ಮೆಣಸು ಮತ್ತು ಅಡಿಕೆಯ ವ್ಯಾಪಾರವನ್ನು ಹಾದು, ಮಳೆಗಾಲದ ಜಗಲಿಯ ಮೇಲಿನ ಚಾಪೆಗೆ ಬಂದು ಸೇರುತ್ತದೆ. ಈ ದಾರಿಯಲ್ಲಿ ಕಾಲಕಾಲಕ್ಕೆ ಬದಲಾದದ್ದು ಓದುವವರ ಚತುರತೆಗಿಂತ ಹೆಚ್ಚಾಗಿ ದೇಹದ ಯಾವ ಭಾಗವನ್ನು ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು ಎಂಬ ಏರ್ಪಾಡು.

ಕೆಳದಿ ಸಂಸ್ಥಾನದ ರಾಜಧಾನಿಗಳಾದ ಕೆಳದಿ ಮತ್ತು ಇಕ್ಕೇರಿ ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ಮುಂದೆ ರಾಜಧಾನಿಯಾದ ಬಿದನೂರು, ಅಂದರೆ ಈಗಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಅರಸು ಮನೆತನಕ್ಕೆ ಆಸರೆಯಾಗಿದ್ದ ಕವಲೇದುರ್ಗದ ಕೋಟೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಹೀಗಾಗಿ ಮೂರು ತಾಲ್ಲೂಕುಗಳ ಹಳೆಯ ರಾಜಕೀಯ ಇತಿಹಾಸವೆಂದರೆ ಹೆಚ್ಚೂಕಡಿಮೆ ಒಂದೇ ಮನೆತನದ ಇತಿಹಾಸ. ಈ ಮನೆತನದ ಬಸವಪ್ಪ ನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವು ಒಂಬತ್ತು ಕಲ್ಲೋಲ ಮತ್ತು 108 ತರಂಗಗಳಲ್ಲಿ ಹರಡಿಕೊಂಡ ವಿಶ್ವಕೋಶವಾಗಿದ್ದು, ರಾಜನೀತಿ, ವೈದ್ಯ, ಸಂಗೀತಗಳ ಜೊತೆಗೆ ವಿನೋದಗಳಿಗೂ, ಅಂದರೆ ಅರಸರ ಆಟಪಾಟಗಳಿಗೂ, ಅದರಲ್ಲಿ ಜಾಗವಿದೆ. ಆಡಳಿತದ ವಿದ್ಯೆ ಮತ್ತು ಆಟದ ವಿದ್ಯೆಗಳನ್ನು ಒಂದೇ ಹೊದಿಕೆಯೊಳಗೆ ಇಡುವ ಈ ಕ್ರಮ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದಲ್ಲೇ ಅದನ್ನು ಪಾಲಿಸಿತ್ತು.

ಎರಡನ್ನೂ ಒಟ್ಟಿಗೆ ಇಡುವುದಕ್ಕೆ ಕಾರಣವೂ ಉಂಟು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ವು ಮಂತ್ರಾಲೋಚನೆಯನ್ನು ಕಾಪಾಡುವ ಪ್ರಸಂಗದಲ್ಲಿ ಇಂಗಿತ ಮತ್ತು ಆಕಾರ ಎಂಬ ಎರಡು ಪಾರಿಭಾಷಿಕ ಪದಗಳನ್ನು ಬಳಸುತ್ತದೆ. ಮನುಷ್ಯನ ಸಹಜ ನಡವಳಿಕೆಯಲ್ಲಿ ಕಂಡುಬರುವ ವ್ಯತ್ಯಾಸ ಇಂಗಿತವಾದರೆ, ಮುಖದ ಮೇಲೆ ಮೂಡುವ ಭಾವದ ರೂಪ ಆಕಾರ. ನಿರ್ಧಾರ ಕಾರ್ಯರೂಪಕ್ಕೆ ಬರುವವರೆಗೆ ಅರಸನೂ ಮಂತ್ರಿಗಳೂ ಇವೆರಡನ್ನೂ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು. ಅದೇ ಗ್ರಂಥ ಜೂಜಿಗೆ ಒಬ್ಬ ಅಧ್ಯಕ್ಷನನ್ನು ನೇಮಿಸಿ, ಆಟವನ್ನು ಗೊತ್ತುಪಡಿಸಿದ ಒಂದೇ ಸ್ಥಳದಲ್ಲಿ ಆಡಿಸಿ, ಗೆದ್ದ ಹಣದಲ್ಲಿ ನೂರಕ್ಕೆ 5ರಷ್ಟನ್ನು ಬೊಕ್ಕಸಕ್ಕೆ ವಸೂಲಿ ಮಾಡಲು ಹೇಳುತ್ತದೆ. ಪೋಕರ್ ಆಟಗಾರರು ಕಳೆದ ಶತಮಾನದಲ್ಲಿ ಹೊಸದಾಗಿ ಕಂಡುಕೊಂಡೆವೆಂದು ಭಾವಿಸಿದ ಒಂದು ಸೂತ್ರ, ಅಂದರೆ ಎದುರಾಳಿಯ ಸಹಜ ನಡೆಯನ್ನು ಮೊದಲು ಗಮನಿಸಿಟ್ಟುಕೊಂಡು ಅನಂತರ ಅದರಿಂದ ಆಗುವ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂಬುದು, ಇಂಗಿತದ ಈ ಲಕ್ಷಣದಲ್ಲೇ ಅಡಗಿದೆ.

ಕೆಳದಿ ಅರಸರಿಗೆ ಈ ವಿದ್ಯೆ ಬೇಕಾಗಿದ್ದು ಪಗಡೆಗಿಂತ ಹೆಚ್ಚಾಗಿ ಮೆಣಸಿನ ವ್ಯವಹಾರಕ್ಕೆ. ಘಟ್ಟದ ಮೇಲಿನ ಕಾಳುಮೆಣಸು ಕರಾವಳಿಯ ಬಂದರುಗಳಿಗೆ ಇಳಿದು ಪೋರ್ಚುಗೀಸರ ಹಡಗುಗಳನ್ನು ಸೇರುತ್ತಿತ್ತು. ಬೆಲೆಯ ತಕರಾರು ಮತ್ತು ಬಾಕಿಯ ತಕರಾರು ಎರಡೂ ಪಕ್ಷಗಳ ನಡುವೆ ಮುಗಿಯುತ್ತಲೇ ಇರಲಿಲ್ಲ. 1623ರಲ್ಲಿ ಗೋವೆಯಿಂದ ಇಕ್ಕೇರಿಗೆ ಬಂದ ಪೋರ್ಚುಗೀಸ್ ರಾಯಭಾರದ ಜೊತೆಗೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇದ್ದನು. ವೆಂಕಟಪ್ಪ ನಾಯಕನ ಆಸ್ಥಾನದ ಬಗ್ಗೆ ಅವನು ಬರೆದ ಪತ್ರಗಳು ಈ ಸೀಮೆಯ ಹದಿನೇಳನೆಯ ಶತಮಾನಕ್ಕೆ ದೊರೆತ ಉತ್ತಮ ಕಣ್ಣುಸಾಕ್ಷಿಗಳಲ್ಲಿ ಸೇರಿವೆ. ಮಾತುಕತೆ ದುಭಾಷಿಯ ಮೂಲಕ ನಡೆಯುವಾಗ ಪ್ರತಿಯೊಂದು ಮಾತೂ ಎರಡೆರಡು ಸಲ ಉಚ್ಚಾರವಾಗುವುದರಿಂದ, ಕೇಳುವವನಿಗೆ ಎದುರಿನವನ ಮುಖವನ್ನು ನೋಡಲು ಇಮ್ಮಡಿ ಸಮಯ ಸಿಗುತ್ತದೆ ಎಂಬುದನ್ನು ರಾಜತಾಂತ್ರಿಕ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಗಮನಿಸಿಲ್ಲ.

ಅರಮನೆಯಲ್ಲಿ ಮುಚ್ಚಬೇಕಾದದ್ದು ಮುಖವಾಗಿದ್ದರೆ ಸಂತೆಯಲ್ಲಿ ಮುಚ್ಚಿದ್ದು ಕೈ. 1510ರಲ್ಲಿ ರೋಮಿನಲ್ಲಿ ಪ್ರಕಟವಾದ ಲುದೊವಿಕೊ ವರ್ತೆಮಾನ ಪ್ರವಾಸ ಕಥನದಲ್ಲಿ ಕಲ್ಲಿಕೋಟೆಯ ವರ್ತಕರು ದಲಾಲನೊಬ್ಬನ ಮೂಲಕ, ಬಟ್ಟೆಯ ಮರೆಯಲ್ಲಿ ಪರಸ್ಪರರ ಬೆರಳುಗಳನ್ನು ಮುಟ್ಟಿ, ಬಾಯಿ ಬಿಡದೆ ಬೆಲೆ ಕುದುರಿಸುತ್ತಿದ್ದ ಕ್ರಮದ ವಿವರಣೆಯಿದೆ. ಹಿಂದೂ ಮಹಾಸಾಗರದ ಮುತ್ತಿನ ವ್ಯಾಪಾರದಿಂದ ಹಿಡಿದು ಕರ್ನಾಟಕದ ದನಗಳ ಜಾತ್ರೆಗಳವರೆಗೆ ಈ ಪದ್ಧತಿ ಹಬ್ಬಿತ್ತು. ಜಾತ್ರೆಯ ದಲಾಲರು ಇಂದಿಗೂ ಹೆಗಲ ಮೇಲಿನ ಟವೆಲನ್ನು ಇಬ್ಬರ ಕೈಗಳ ಮೇಲೆ ಇಳಿಬಿಟ್ಟು ಜೋಡೆತ್ತಿನ ಬೆಲೆ ಮಾತಾಡುವುದುಂಟು. ಒಂದು ಬೆರಳು ಹಿಡಿದರೆ ಒಂದು, ಐದನ್ನೂ ಒಟ್ಟಿಗೆ ಹಿಡಿದರೆ ಐದು. ಆ ಐದು ಸಾವಿರವೋ ಹತ್ತು ಸಾವಿರದ ಲೆಕ್ಕವೋ ಎಂಬುದು ವ್ಯಾಪಾರ ಬಲ್ಲ ಇಬ್ಬರಿಗೂ ಎತ್ತನ್ನು ನೋಡಿದಾಗಲೇ ತಿಳಿದಿರುತ್ತದೆ. ಸುತ್ತ ನಿಂತವರಿಗೆ ಕೈ ಕಾಣದು. ಕಾಣುವುದು ಮುಖ ಮಾತ್ರ, ಮತ್ತು ಅವರು ಅದನ್ನೇ ನೋಡುತ್ತಾರೆ: ಹುಬ್ಬು ಎತ್ತಿದವನು ಕೊಳ್ಳುವವನೋ ಮಾರುವವನೋ, ಕೈ ಕೊಡವಿ ಎದ್ದವನು ನಿಜಕ್ಕೂ ಹೊರಟನೋ ಅಥವಾ ನಾಲ್ಕು ಹೆಜ್ಜೆ ಹಾಕಿ ತಿರುಗುವನೋ ಎಂಬುದರ ಮೇಲೆ ಪಕ್ಕದ ಜೋಡಿಯ ಬೆಲೆ ನಿಂತಿರುತ್ತದೆ. ಬಟ್ಟೆಯಡಿಯ ಇಬ್ಬರಲ್ಲಿಯೂ ಪ್ರತಿಯೊಬ್ಬನಿಗೆ ಇನ್ನೊಬ್ಬನ ಬೆರಳಿನ ಬಿಗಿ, ಬೆವರು, ಹಿಂತೆಗೆಯುವ ಆತುರ ಇವೆಲ್ಲ ಸ್ಪರ್ಶಕ್ಕೆ ಸಿಗುತ್ತಿದ್ದವು. ಕಣ್ಣಿಗೆ ಕಾಣುವುದಕ್ಕಿಂತ ಹತ್ತಿರದ ಓದು ಅದು.

ಈ ಪದ್ಧತಿಯ ದೋಷವೂ ಅಲ್ಲಿಯೇ ಇತ್ತು. ಮಾಲಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ದಲಾಲನ ಬೆರಳಿಗೆ ದೊರೆತ ಬೆಲೆ ಎಷ್ಟು, ಬಾಯಿಂದ ಹೊರಬಂದದ್ದು ಎಷ್ಟು ಎಂದು ಕೇಳುವ ದಾರಿ ಅವನಿಗೆ ಇರಲಿಲ್ಲ. ಕೃಷಿಯ ರಾಯಲ್ ಕಮಿಷನ್ 1928ರಲ್ಲಿ ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿದ ಕಾಲದ ಚರ್ಚೆಗಳಲ್ಲಿ ಬಟ್ಟೆಯಡಿಯ ಗುಪ್ತ ವ್ಯವಹಾರ ಆಕ್ಷೇಪಕ್ಕೆ ಗುರಿಯಾಗಿತ್ತು. ಮಲೆನಾಡಿನಲ್ಲಿ ಅಡಿಕೆ ಬೆಳೆಗಾರರು ಮಂಡಿಯ ಹಿಡಿತದಿಂದ ಹೊರಬರಲು ಕಟ್ಟಿಕೊಂಡ ಮ್ಯಾಮ್ಕೋಸ್ ಸಹಕಾರ ಸಂಘ 1939ರಲ್ಲಿ ಶಿವಮೊಗ್ಗದಲ್ಲಿ ಆರಂಭವಾಯಿತು; 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಪ್ರಾಂಗಣದೊಳಗಿನ ಮಾರಾಟವನ್ನು ಬಹಿರಂಗ ಹರಾಜು ಅಥವಾ ಟೆಂಡರಿನ ಕಟ್ಟಳೆಗೆ ಒಳಪಡಿಸಿತು. ಸಾಗರದ ಯಾರ್ಡಿನಲ್ಲಿ ಚಾಲಿ, ರಾಶಿ, ಕೋಕ, ಬಿಳೆಗೋಟು, ಕೆಂಪುಗೋಟು, ತೀರ್ಥಹಳ್ಳಿಯಲ್ಲಿ ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಬಗೆಬಗೆಯಾಗಿ ವಿಂಗಡಿಸಿದ ಅಡಿಕೆಯ ಲಾಟುಗಳನ್ನು ವ್ಯಾಪಾರಿಗಳು ಮೊದಲು ನೋಡಿ, ಚೀಲಕ್ಕೆ ಕೈ ಹಾಕಿ, ಅಡಕತ್ತರಿಯಿಂದ ಒಂದೆರಡನ್ನು ಕತ್ತರಿಸಿ ಒಳಗಿನ ಬಣ್ಣ ಪರೀಕ್ಷಿಸುತ್ತಾರೆ. ದರವನ್ನು ಅನಂತರ, ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ, ಪ್ರತ್ಯೇಕವಾಗಿ ನಮೂದಿಸುತ್ತಾರೆ. 2014ರಿಂದ ರಾಜ್ಯದಲ್ಲಿ ಜಾರಿಗೆ ಬಂದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಈ ನಮೂದು ಕಂಪ್ಯೂಟರಿಗೆ ಹೋಗುತ್ತದೆ. ದರ ಹೇಳುವ ಗಳಿಗೆಯಲ್ಲಿ ಮುಖವೂ ಇಲ್ಲ, ಕೈಯೂ ಇಲ್ಲ. ಉಳಿದಿರುವ ಓದು ಲಾಟು ನೋಡುವ ಹೊತ್ತಿನದು ಮಾತ್ರ: ಯಾರು ಯಾವ ಚೀಲದ ಬಳಿ ಅಗತ್ಯಕ್ಕಿಂತ ಹೆಚ್ಚು ನಿಂತರು, ಯಾರು ಒಳ್ಳೆಯ ಮಾಲನ್ನು ನೋಡಿಯೂ ನೋಡದವರಂತೆ ಮುಂದೆ ಸರಿದರು ಎಂಬಷ್ಟು.

ಯಾರ್ಡಿನ ಹೊರಗೆ, ತೋಟದೊಳಗೆ, ಕಾನೂನು ಅಷ್ಟಾಗಿ ಕೈಯಿಡದ ಒಂದು ವ್ಯವಹಾರ ಉಳಿದುಕೊಂಡಿದೆ, ಅದು ಚೇಣಿ. ಮರದ ಮೇಲಿನ ಅಡಿಕೆ ಫಸಲನ್ನು ಕೊಯ್ಲಿಗೆ ಮೊದಲೇ ಗುತ್ತಿಗೆಗೆ ಕೊಡುವುದಕ್ಕೆ ಚೇಣಿಯೆಂದು ಹೆಸರು. ಗುತ್ತಿಗೆ ಹಿಡಿದವನು ಚೇಣಿದಾರ. ಇಡೀ ತೋಟಕ್ಕೆ ಒಟ್ಟಾರೆ ಬೆಲೆ ಕಟ್ಟುವ ಪಕ್ಷದಲ್ಲಿ ತೋಟದ ಒಡೆಯನೂ ಚೇಣಿದಾರನೂ ಸಾಲುಸಾಲಾಗಿ ನಡೆದು, ಕತ್ತೆತ್ತಿ ಗೊನೆಗಳನ್ನು ನೋಡಿ, ತಮ್ಮ ತಮ್ಮ ಅಂದಾಜನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಕೊಳೆರೋಗ ತಗುಲಿದ ಮರದ ಬುಡದಲ್ಲಿ ಉದುರಿದ ಕಾಯಿಯ ಮುಂದೆ ಚೇಣಿದಾರ ಬೇಕೆಂದೇ ನಿಲ್ಲುತ್ತಾನೆ. ಒಡೆಯ ಅದನ್ನು ಕಾಣದವನಂತೆ ನೀರಿನ ಕಪ್ಪಿನ, ಅಂದರೆ ಬಸಿಗಾಲುವೆಯ, ಮಾತೆತ್ತುತ್ತಾನೆ. ಸಾಲ ತೀರಿಸಬೇಕಾದ ಅಥವಾ ಮಗಳ ಮದುವೆ ಗೊತ್ತಾದ ಒಡೆಯನಿಗೆ ಮುಂಗಡದ ಅವಸರವಿದೆಯೆಂಬುದು ಊರಿಗೇ ತಿಳಿದಿರುವಾಗ ಮುಖವನ್ನು ಬಿಗಿಹಿಡಿದು ಆಗುವುದೇನೂ ಇಲ್ಲ. ಪರಿಚಿತರ ನಡುವಿನ ಆಟದಲ್ಲಿ ಮುಖಕ್ಕಿಂತ ಮನೆಯ ಸುದ್ದಿಯೇ ದೊಡ್ಡ ಸೂಚನೆ. ಇನ್ನೊಂದು ಬಗೆಯಲ್ಲಿ ಕೊಯ್ದ ಹಸಿ ಅಡಿಕೆಯನ್ನು ತೂಗಿ, ಕ್ವಿಂಟಲಿಗೆ ಇಷ್ಟು ಕಿಲೋ ಒಣ ಅಡಿಕೆ ಎಂದು ಕರಾರು ಮಾಡಿಕೊಳ್ಳುವುದರಿಂದ ಅಂದಾಜಿನ ಕೆಲಸವನ್ನು ತಕ್ಕಡಿ ವಹಿಸಿಕೊಳ್ಳುತ್ತದೆ.

ಇಸ್ಪೀಟಿನ ವಿಷಯಕ್ಕೆ ಬಂದರೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ ಗಂಜೀಫಾ ಎಲೆಗಳಲ್ಲಿ ‘ಛದ’ ಎಂಬ ಹೊಸ ಆಟಗಳನ್ನೇ ರೂಪಿಸಿದ್ದರೂ, ಅವು ಅರಮನೆಯ ಸುತ್ತಮುತ್ತಲ ವಿನೋದವಾಗಿಯೇ ಉಳಿದವು. ಮಲೆನಾಡಿನ ಮಳೆಗಾಲದ ಜಗಲಿಗೂ ಮದುವೆ ಮನೆಯ ರಾತ್ರಿಗೂ ಒದಗಿದ್ದು ಯುರೋಪಿನ ಐವತ್ತೆರಡು ಎಲೆಗಳ ಕಟ್ಟು. ಇದರಲ್ಲಿ 32 ಎಲೆಗಳನ್ನಷ್ಟೇ ಬಳಸಿ ಇಬ್ಬಿಬ್ಬರ ಎರಡು ಜೊತೆಗಳು ಆಡುವ ‘ಇಪ್ಪತ್ತೆಂಟು’ ಎಂಬ ಆಟ, ಎದುರಾಳಿಯನ್ನು ಓದುವ ವಿದ್ಯೆಗೆ ಪೋಕರಿಗಿಂತ ಕಡಿಮೆಯ ಶಾಲೆಯಲ್ಲ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದರಂತೆ ನಾಲ್ಕು ಬಣ್ಣಗಳಲ್ಲಿ ಒಟ್ಟು 28 ಅಂಕ. ಮೊದಲು ನಾಲ್ಕು ನಾಲ್ಕು ಎಲೆ ಹಂಚಿದ ಮೇಲೆ ಹೆಚ್ಚು ಅಂಕ ಕೇಳಿದವನು ತುರುಪನ್ನು, ಅಂದರೆ ಉಳಿದ ಬಣ್ಣಗಳನ್ನು ಹೊಡೆಯುವ ಬಣ್ಣವನ್ನು, ಆರಿಸಿ ಆ ಬಣ್ಣದ ಒಂದು ಎಲೆಯನ್ನು ಕವುಚಿ ಇಡುತ್ತಾನೆ. ಆ ಬಣ್ಣ ಯಾವುದೆಂದು ಅವನೊಬ್ಬನಿಗೆ ಗೊತ್ತು, ಜೊತೆಗಾರನಿಗೂ ಗೊತ್ತಿಲ್ಲ.

ಉಳಿದ ಮೂವರ ಕಣ್ಣು ಈಗ ಅವನ ಮುಖದ ಮೇಲಿರುವುದಿಲ್ಲ, ಕೈಯ ಮೇಲಿರುತ್ತದೆ. ಬಣ್ಣಬಣ್ಣವಾಗಿ ಜೋಡಿಸಿ ಹರವಿ ಹಿಡಿದ ಎಲೆಗಳಲ್ಲಿ ತುರುಪಿನ ಎಲೆ ತುದಿಯಿಂದ ಬಂತೋ ನಡುವಿನಿಂದ ಬಂತೋ, ಎರಡನೆಯ ಸಲ ಬಂದ ನಾಲ್ಕು ಎಲೆಗಳಲ್ಲಿ ಯಾವುದನ್ನು ಅವನು ಎಲ್ಲಿಗೆ ಸಿಕ್ಕಿಸಿದ, ಕಳಾವರ್ ಇಳಿದ ಸುತ್ತಿನಲ್ಲಿ ಅವನ ಹೆಬ್ಬೆರಳು ಯಾವ ಎಲೆಯ ಅಂಚಿಗೆ ಹೋಗಿ ಹಿಂದಕ್ಕೆ ಬಂತು, ಇಂಥ ಸಣ್ಣ ವಿವರಗಳಿಂದ ಪಳಗಿದ ಆಟಗಾರ ತುರುಪನ್ನು ಕೇಳುವ ಮೊದಲೇ ಊಹಿಸುತ್ತಾನೆ. ಇದಕ್ಕೆ ಮದ್ದಾಗಿ ಜಾಣರು ಎಲೆಗಳನ್ನು ಜೋಡಿಸದೆ, ಬಂದ ಕ್ರಮದಲ್ಲೇ ಹಿಡಿದು ಆಡುತ್ತಾರೆ. ಜೊತೆಗಾರನಿಗೆ ಕೆಮ್ಮಿನಿಂದಲೋ ಕವಳ ಉಗಿಯಲು ಏಳುವ ನೆಪದಿಂದಲೋ ಸೂಚನೆ ಕೊಡುವುದು ನಿಷಿದ್ಧ. ನಿಷಿದ್ಧವೆಂಬ ಕಾರಣಕ್ಕೇ ಕೆಮ್ಮು ನಿಜವಾಗಿ ಬಂದವನೂ ಜಗಳಕ್ಕೆ ಸಿಗುತ್ತಾನೆ.

ಮುಖಕ್ಕಿಂತ ಕೈಯನ್ನು ನಂಬುವ ಈ ಅಭ್ಯಾಸಕ್ಕೆ ಪ್ರಯೋಗದ ಬೆಂಬಲವೂ ದೊರೆತಿದೆ. ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೃತ್ತಿಪರ ಪೋಕರ್ ಆಟಗಾರರು ಪಣ ಒಡ್ಡುವ ದೃಶ್ಯದ ತುಣುಕುಗಳನ್ನು ನೋಡಿದವರಿಗೆ ಮುಖದಿಂದ ಎಲೆಯ ಬಲಾಬಲ ತಿಳಿಯಲಿಲ್ಲ, ಬಿಲ್ಲೆಗಳನ್ನು ಮುಂದೂಡುವ ತೋಳಿನ ಚಲನೆಯಿಂದ ಒಂದು ಮಟ್ಟಿಗೆ ತಿಳಿಯಿತು. ಮುಖವನ್ನು ಕಾಯಲು ಕಲಿತವರು ಕೈಯನ್ನು ಕಾಯಲು ಮರೆಯುತ್ತಾರೆ ಎಂಬ ವಿವರಣೆ ಇದಕ್ಕೆ ಸಲ್ಲುವುದಾದರೆ, ಮುಖವನ್ನು ಬಿಟ್ಟು ಕೈಗೆ ಬಟ್ಟೆ ಹೊದಿಸಿದ ಹಳೆಯ ದಲಾಲರು ಲೆಕ್ಕ ತಪ್ಪಿರಲಿಲ್ಲ ಎನ್ನಬೇಕಾಗುತ್ತದೆ.

ಪೋಕರಿಗೆ ನಿಜವಾದ ಹತ್ತಿರದ ನಂಟು ಇರುವುದು ‘ಮೂರೆಲೆ’ ಆಟಕ್ಕೆ. ಇಂಗ್ಲೆಂಡಿನ ಬ್ರ್ಯಾಗ್ ಎಂಬ ಆಟದ ಭಾರತೀಯ ರೂಪ ಅದು. ಇದರಲ್ಲಿ ಎಲೆ ನೋಡಿ ಆಡುವವನು, ನೋಡದೆ ‘ಬ್ಲೈಂಡ್’ ಆಡುವವನಿಗಿಂತ ಇಮ್ಮಡಿ ಹಣ ಕಟ್ಟಬೇಕೆಂಬ ನಿಯಮವಿದೆ. ಬ್ಲೈಂಡ್ ಆಡುವವನ ಮುಖದಲ್ಲಿ ಓದಲು ಏನೂ ಇರುವುದಿಲ್ಲ, ಯಾಕೆಂದರೆ ಅವನಿಗೇ ಏನೂ ಗೊತ್ತಿರುವುದಿಲ್ಲ. ಅಜ್ಞಾನವನ್ನೇ ಮುಸುಕಾಗಿ ಬಳಸಿಕೊಳ್ಳುವ ಈ ಉಪಾಯ ಮೂರೆಲೆಯ ಅತ್ಯಂತ ಸೂಕ್ಷ್ಮವಾದ ಅಂಶ. ಪೊಲೀಸ್ ದಾಳಿಯ ಸುದ್ದಿಗಳಲ್ಲಿ ಹೆಚ್ಚಾಗಿ ಹೆಸರು ಕೇಳಿಬರುವ ‘ಅಂದರ್ ಬಾಹರ್’ನಲ್ಲಾದರೋ ಎಲೆ ಒಳಗೆ ಬಿದ್ದೀತೋ ಹೊರಗೋ ಎಂಬುದಷ್ಟೇ ಪ್ರಶ್ನೆಯಾದ್ದರಿಂದ ಯಾರೂ ಯಾರನ್ನೂ ಓದಬೇಕಾಗಿಲ್ಲ.

ನ್ಯಾಯಾಲಯಗಳು ಈ ಭೇದವನ್ನು ಬೇರೆ ಅಳತೆಗೋಲಿನಿಂದ ನೋಡಿದವು. ಆಂಧ್ರಪ್ರದೇಶದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ ರಮ್ಮಿಯನ್ನು ಕೌಶಲದ ಆಟವೆಂದು ಪರಿಗಣಿಸಿದ್ದು, ಬಿದ್ದ ಎಲೆಗಳನ್ನು ನೆನಪಿಡುವ ಮತ್ತು ಯಾವುದನ್ನು ಹಿಡಿದು ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವ ಜಾಣ್ಮೆಯ ಆಧಾರದ ಮೇಲೆ. ಅದೇ ತೀರ್ಪು ಮೂರೆಲೆಯನ್ನು ಕೇವಲ ಅದೃಷ್ಟದ ಆಟಗಳ ಸಾಲಿಗೆ ಸೇರಿಸಿತು. ಅಂದರೆ ನೆನಪು ಕೌಶಲವೆಂದು ಎಣಿಕೆಗೆ ಬಂತು, ಎದುರಿನವನನ್ನು ಓದುವುದು ಬರಲಿಲ್ಲ. ಕರ್ನಾಟಕ ಹೈಕೋರ್ಟು 2013ರಲ್ಲಿ ಪೋಕರ್ ಕ್ಲಬ್ಬುಗಳ ಅರ್ಜಿಯಲ್ಲಿ ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂದ ಮೇಲೆ ಆ ಎಣಿಕೆ ಸ್ವಲ್ಪ ಸಡಿಲವಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯನ್ನು ಅದೇ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ಕೇಳುವುದನ್ನೇ ಬಿಟ್ಟು, ಹಣವಿರುವ ಆನ್‌ಲೈನ್ ಆಟಗಳನ್ನೆಲ್ಲ ಒಂದೇ ನಿಷೇಧಕ್ಕೆ ಒಳಪಡಿಸಿದೆ. ಪರದೆಯ ಮೇಲಿನ ಆ ಆಟಗಳಲ್ಲಿ ಎದುರಾಳಿಯ ಮುಖವೂ ಕೈಯೂ ಮೊದಲೇ ಇರಲಿಲ್ಲ. ಜಗಲಿಯ ಮತ್ತು ಬಯಲಿನ ಆಟಕ್ಕೆ ಇಂದಿಗೂ ಅನ್ವಯಿಸುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದರ 87ನೆಯ ಕಲಮಿನಡಿ ದಾಖಲಾಗುವ ಪ್ರಕರಣಗಳಲ್ಲಿ ಜಪ್ತಿಯಾದ ಹಣ ಮತ್ತು ಎಲೆಗಳ ಸಂಖ್ಯೆ ಕಡ್ಡಾಯವಾಗಿ ನಮೂದಾಗುತ್ತದೆ, ಎಲೆಗಳನ್ನು ಯಾರು ಹೇಗೆ ಓದಿದರೆಂಬುದಕ್ಕೆ ಅಲ್ಲಿ ಅಂಕಣವಿಲ್ಲ.