ಎಪ್ಪತ್ತೆರಡನೆಯ ಮನೆ

ಓಲೆಗರಿಯ ಕಂದಪದ್ಯವೊಂದರ ಎರಡನೆಯ ಪಾದವನ್ನು ಹುಳು ತಿಂದಿದ್ದರೆ, ಅಲ್ಲಿರಬೇಕಾದ 20 ಮಾತ್ರೆಗಳಲ್ಲಿ ಎಷ್ಟು ಲೋಪವಾಗಿವೆ ಎಂಬುದನ್ನು ಛಂದಸ್ಸೇ ಹೇಳುತ್ತದೆ. ಸಂಪಾದಕನ ಊಹೆ ನಿಜವೋ ಅಲ್ಲವೋ ಎಂಬುದು ಮತ್ತೊಂದು ಪ್ರತಿ ದೊರೆತಾಗ ತಿಳಿಯುತ್ತದೆ. ನಾನು ಕನ್ನಡ ಪಾಠ ಹೇಳಿದವನು, ವಿಜ್ಞಾನಿಯಲ್ಲ. ಆದರೂ ಪರಮಾಣುವಿನ ಚರಿತ್ರೆಯ ಇಂಥದೇ ಒಂದು ಪ್ರಸಂಗ ನನಗೆ ಪರಕೀಯವೆನಿಸಲಿಲ್ಲ.

ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಸುತ್ತ ಮನಬಂದ ದೂರದಲ್ಲಿ ಸುತ್ತಲಾರವು, ಅವಕ್ಕೆ ಗೊತ್ತಾದ ಶಕ್ತಿಮಟ್ಟಗಳಷ್ಟೇ ಉಂಟು ಎಂದು ಡೆನ್ಮಾರ್ಕಿನ ನೀಲ್ಸ್ ಬೋರ್ 1913ರಲ್ಲಿ ಪ್ರತಿಪಾದಿಸಿದರು. ಮುಂದೆ ಅವು ತುಂಬುವ ಕ್ರಮವನ್ನೂ ವಿವರಿಸಿದರು. ಮೊದಲ ಮಟ್ಟದಲ್ಲಿ 2, ಎರಡನೆಯದರಲ್ಲಿ 8, ಮೂರನೆಯದರಲ್ಲಿ 18, ನಾಲ್ಕನೆಯದರಲ್ಲಿ 32 ಎಲೆಕ್ಟ್ರಾನುಗಳಿಗೆ ಎಡೆ. ಆದರೆ ಒಳಪಂಕ್ತಿ ತುಂಬುವ ಮುನ್ನವೇ ಹೊರಪಂಕ್ತಿಯಲ್ಲಿ ಕೆಲವರು ಕುಳಿತುಬಿಡುವುದುಂಟು. ವಿರಳ ಭೂಧಾತುಗಳಲ್ಲಿ ಹೊಸ ಎಲೆಕ್ಟ್ರಾನುಗಳು ನಾಲ್ಕನೆಯ ಮಟ್ಟದ ತೆರವನ್ನು ತುಂಬುತ್ತ ಹೋಗುತ್ತವೆ. ಹೊರಗೆ ಹೆಚ್ಚು ಬದಲಾವಣೆಯಿಲ್ಲ. ರಾಸಾಯನಿಕ ಗುಣ ಹೊರಗಿನವುಗಳನ್ನು ಅವಲಂಬಿಸಿರುವುದರಿಂದ ಈ ಧಾತುಗಳು ಒಡಹುಟ್ಟಿದವರಂತೆ ಕಾಣುತ್ತವೆ. 71ನೆಯ ಧಾತುವಿನಲ್ಲಿ ಆ 32 ಎಡೆಗಳೂ ಭರ್ತಿ. ಆದುದರಿಂದ ಆವರ್ತ ಕೋಷ್ಟಕದ 72ನೆಯ ಮನೆಗೆ ಬರತಕ್ಕದ್ದು ಈ ಕುಲದ್ದಲ್ಲ, 40ನೆಯ ಜಿರ್ಕೋನಿಯಮಿನ ಬಂಧು ಎಂಬುದು ಬೋರರ ನಿರ್ಣಯ.

ಪ್ಯಾರಿಸ್ಸಿನ ಮಾತು ಬೇರೆಯಾಗಿತ್ತು. ಜಾರ್ಜ್ ಉರ್ಬೇನ್ ಅವರು 1911ರಲ್ಲಿ ವಿರಳ ಭೂಧಾತುಗಳ ನಡುವೆ ಸೆಲ್ಟಿಯಮ್ ಎಂಬುದೊಂದು ಇದೆಯೆಂದಿದ್ದರು. ಅದೇ 72ನೆಯದೆಂದು 1922ರಲ್ಲಿ ದೊವಿಲಿಯೇ ಕ್ಷ-ಕಿರಣ ಪರೀಕ್ಷೆಯ ಆಧಾರದಿಂದ ಸಾರಿದರು. ಅದು ದಿಟವಾಗಿದ್ದರೆ ಬೋರರ ಲೆಕ್ಕವೇ ಕುಸಿಯುತ್ತಿತ್ತು.

ಕೋಪನ್‌ಹೇಗನ್ನಿನಲ್ಲಿ ಡಿರ್ಕ್ ಕೋಸ್ಟರ್ ಮತ್ತು ಜಾರ್ಜ್ ಹೆವೆಶಿ, ಬೋರರು ಬೆರಳಿಟ್ಟ ಕಡೆಯೇ, ಜಿರ್ಕೋನಿಯಮ್ ಖನಿಜಗಳಲ್ಲಿಯೇ, ಹುಡುಕಿದರು. 72ರ ಕ್ಷ-ಕಿರಣ ರೇಖೆಗಳು ಅಲ್ಲಿ ಸ್ಪಷ್ಟವಾಗಿ ದೊರೆತವು. 1922ರ ಡಿಸೆಂಬರ್ 11ರಂದು ಸ್ಟಾಕ್‌ಹೋಮಿನಲ್ಲಿ ನೊಬೆಲ್ ಉಪನ್ಯಾಸ ನೀಡಿದ ಬೋರ್, ಆಗಷ್ಟೇ ತಲುಪಿದ ಈ ಸುದ್ದಿಯನ್ನು ಸಭೆಗೆ ತಿಳಿಸಿದರು. ಕೋಪನ್‌ಹೇಗನ್ನಿನ ಲ್ಯಾಟಿನ್ ಹೆಸರಾದ ಹಾಫ್ನಿಯಾದಿಂದ ಧಾತುವಿಗೆ ಹಾಫ್ನಿಯಮ್ ಎಂಬ ಹೆಸರಾಯಿತು.

ಮಟ್ಟವೊಂದಕ್ಕೆ ಇಷ್ಟೇ ಎಡೆಯೇಕೆ? ಒಂದು ಪರಮಾಣುವಿನ ಯಾವ ಎರಡು ಎಲೆಕ್ಟ್ರಾನುಗಳಿಗೂ ನಾಲ್ಕು ಕ್ವಾಂಟಮ್ ಸಂಖ್ಯೆಗಳೂ ಒಂದೇ ಆಗಿರಲಾರವು ಎಂಬ ನಿಯಮವನ್ನು 1925ರಲ್ಲಿ ಪೌಲಿ ಮುಂದಿಟ್ಟಾಗಲೇ ಇದಕ್ಕೆ ಸಮಾಧಾನ ದೊರೆತದ್ದು. ಅಷ್ಟರಲ್ಲಿ ಹುಟ್ಟಿದ ಹೊಸ ಕ್ವಾಂಟಮ್ ಸಿದ್ಧಾಂತದ ಮುಂದೆ ಬೋರರ ಕಕ್ಷೆಗಳ ಚಿತ್ರ ನಿಲ್ಲಲಿಲ್ಲ. ಆದರೆ ಆ ಹಳೆಯ ಸಿದ್ಧಾಂತ, ತಾನು ಸುಳ್ಳಾಗಬಹುದಾದ ಮನೆ ಯಾವುದೆಂದು ಮೊದಲೇ ತೋರಿಸಿ, ಪರೀಕ್ಷೆಗೆ ನಿಂತಿತ್ತು. ಪಂಡಿತರಾದವರು ಬೋರರಿಂದ ಕಲಿಯತಕ್ಕದ್ದು ಈ ಧೈರ್ಯವನ್ನೇ ಎಂದು ನನ್ನ ನಂಬಿಕೆ.